ಆರು ತುತ್ತೂರಿ, ಒಂದು ಹಿಡಿ ಅಕ್ಷತೆ

ಆ ದಿನ ನಮ್ಮ ಬೀದಿಗೆ ನಲ್ಲಿ ನೀರಿನ ಸರದಿ. ಚಿತ್ರದುರ್ಗದಲ್ಲಿ ಸಂಸಾರ ಮಾಡಿದವರಿಗೆ ಗೊತ್ತು, ನೀರಿನ ದಿನ ಹಾಲಿನವನಿಗಿಂತ ಮೊದಲು ಏಳಬೇಕು. ಐದೂವರೆಗೆ ನಲ್ಲಿ ಎರಡು ಸಲ ಕೆಮ್ಮಿತು, ಸ್ವಲ್ಪ ಕೆಂಪು ನೀರು ಉಗುಳಿತು, ಆಮೇಲೆ ತಿಳಿಯಾಯಿತು. ಮೊದಲ ಎರಡು ಬಕೆಟ್ ಗಿಡಗಳಿಗೆ, ಮೂರನೆಯದರಿಂದ ಕುಡಿಯಲು ಎಂಬುದು ನನ್ನ ಲೆಕ್ಕ. ಡ್ರಮ್ಮಿಗೆ ಪೈಪು ಬಿಟ್ಟು, ಬಾಗಿಲು ತೊಳೆದು, ರಂಗೋಲಿ ಎಳೆದು ಒಳಗೆ ಬರುವಷ್ಟರಲ್ಲಿ ಹಾಲು ಬಂದಿತ್ತು. ಅತ್ತೆಯವರಿಗೆ ಸಕ್ಕರೆ ಇಲ್ಲದ ಕಾಫಿ, ನಮ್ಮವರಿಗೆ ಸಕ್ಕರೆ ಜಾಸ್ತಿಯಿರುವ ಚಹಾ.

ನಮ್ಮವರು ದಿನವೂ ಚಹಾ ಲೋಟ ಹಿಡಿದು ಜಗಲಿಯಲ್ಲಿ ಪೇಪರು ಓದುತ್ತಾರೆ. ಅಂದು ಪೇಪರು ಮಡಿಸಿದಂತೆಯೇ ಬಿದ್ದಿತ್ತು. ಅವರು ಮನೆಗೆ ಅಂಟಿಕೊಂಡಿರುವ ಶೆಡ್ಡಿನ ಬಾಗಿಲು ತೆರೆದು, ಹೊಸ್ತಿಲ ಪಕ್ಕ ಕೂತು ಒಳಗೆ ನೋಡುತ್ತಿದ್ದರು. ಚಹಾ ಕೆನೆಗಟ್ಟಿತ್ತು.

ಆ ಶೆಡ್ಡು ಅವರ ಇಂಜಿನ್ ಕೆಲಸದ ಅಂಗಡಿ. ಸವೆದ ಸಿಲಿಂಡರುಗಳನ್ನು ಕೊರೆದು ಸಮ ಮಾಡುವುದು, ಕ್ರ್ಯಾಂಕ್ ಉಜ್ಜುವುದು, ವಾಲ್ವು ಕೂರಿಸುವುದು. ಹೈವೇ ಲಾರಿಗಳು, ಈರುಳ್ಳಿ ಹೊರುವ ಟೆಂಪೋಗಳು, ಹೊಳಲ್ಕೆರೆ ಕಡೆಯ ಟ್ರ್ಯಾಕ್ಟರುಗಳು, ಎಲ್ಲದರ ಹೊಟ್ಟೆಯೂ ಇಲ್ಲಿ ತೆರೆದುಕೊಂಡಿದೆ. ಇಪ್ಪತ್ತೆಂಟು ವರ್ಷ ಬೇರೆಯವರು ತಂದ ಇಂಜಿನ್ನನ್ನು, ಬೇರೆಯವರು ಹೇಳಿದಷ್ಟೇ ಸರಿಮಾಡಿ ಕಳಿಸಿದವರು ಅವರು. ಯಾವ ಇಂಜಿನ್ ಎಂದು ತಾವೇ ಆರಿಸಿ, ಮೊದಲ ಬೋಲ್ಟಿನಿಂದ ಕೊನೆಯ ಬೋಲ್ಟಿನವರೆಗೆ ತಾವೇ ಕಟ್ಟಿದ್ದು ಇದೊಂದೇ. ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿಕೊಂಡು, ಅದು ಆ ಬೆಳಗಿನ ಬೆಳಕಿನಲ್ಲಿ ಉದ್ದಕ್ಕೆ ಮಿಂಚುತ್ತಿತ್ತು.

ಅದನ್ನು ಕಟ್ಟಿಸಿದವರು ಹಿರಿಯೂರಿನ ಒಬ್ಬರು. ಹೈವೇ ಬದಿಯಲ್ಲಿ ಅವರ ಟೈರ್ ಅಂಗಡಿಯಿದೆ, ಜೊತೆಗೆ ಡ್ರ್ಯಾಗ್ ರೇಸಿನ ಹುಚ್ಚು. ಹಳೆಯ ರನ್‌ವೇಯಂಥ ನೇರ ರಸ್ತೆಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತು, ದೀಪ ಹಸಿರಾದ ಕೂಡಲೇ ಕಾಲು ಮೈಲಿ ಓಡುವ ಪಂದ್ಯ ಅದು. ತಿರುವಿಲ್ಲ, ಎರಡನೆಯ ಸುತ್ತಿಲ್ಲ, ನಾನು ಒಗ್ಗರಣೆ ಹಾಕುವಷ್ಟರಲ್ಲಿ ಮುಗಿಯುತ್ತದೆ. ಮುಂದಿನ ಭಾನುವಾರ ಅಂಥದೊಂದು ಪಂದ್ಯವಿತ್ತು. ನಮ್ಮವರ ಇಂಜಿನ್ ಮೊದಲ ಸಲ ಜೀವ ತಳೆಯುವ ಸದ್ದನ್ನು ತಾವೇ ನಿಂತು ಕೇಳಬೇಕೆಂದು ಹಿರಿಯೂರಿನವರು ಅಂದು ಸಂಜೆ ನಾಲ್ಕಕ್ಕೆ ಬರುವವರಿದ್ದರು. ಇಷ್ಟವಾದರೆ ಕಾರಿಗೆ ಇದೇ. ಇಲ್ಲವಾದರೆ ಬೆಂಗಳೂರಿನಲ್ಲಿ ಒಬ್ಬ ವ್ಯಾಪಾರಿ ಅವರಿಗಾಗಿ ಸಿದ್ಧ ಇಂಜಿನ್ ಒಂದನ್ನು ಎತ್ತಿಟ್ಟಿದ್ದ, ಅಂದು ರಾತ್ರಿ ಊಟದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಅವನಿಗೆ ಹೂಂ ಎಂದಿದ್ದರೆ ನಮ್ಮವರ ಇಂಜಿನ್ ಟಾರ್ಪಾಲು ಹೊದ್ದು ಅದೇ ಶೆಡ್ಡಿನ ಮೂಲೆ ಸೇರುತ್ತಿತ್ತು. ಇದನ್ನು ನಮ್ಮವರು ಬಾಯಿಬಿಟ್ಟು ಹೇಳಿರಲಿಲ್ಲ. ಕೆನೆಗಟ್ಟಿದ ಚಹಾ ಹೇಳುತ್ತಿತ್ತು.

ನಾನು ಈ ಇಂಜಿನ್ನಿನ ಸಂಗತಿಗೆ ಬಂದದ್ದು ಇಂಗ್ಲಿಷಿನ ದಾರಿಯಿಂದ. ಕಾನ್ವೆಂಟಿನಲ್ಲಿ ಓದಿದವಳೆಂದು ನಮ್ಮ ಮನೆಯಲ್ಲಿ ಔಷಧಿ ಚೀಟಿ, ಬ್ಯಾಂಕಿನ ಕಾಗದ, ವಾಷಿಂಗ್ ಮೆಷಿನ್ನಿನ ಪುಸ್ತಕ ಎಲ್ಲವೂ ನನ್ನ ಕೈಗೇ ಬರುತ್ತವೆ. ಒಂದು ಮಧ್ಯಾಹ್ನ ನಮ್ಮವರು ಮೊಬೈಲು ಹಿಡಿದು ಅಡುಗೆಮನೆಗೆ ಬಂದು, ಇದರಲ್ಲಿ ಏನೈತೆ ಸ್ವಲ್ಪ ಓದು ಅಂದರು. ಅದು ಒಂದು ಹಳೆಯ ವಿದೇಶಿ ಕಾರಿನ ರಿಪೇರಿ ಪುಸ್ತಕ, ಐನೂರು ಪುಟಕ್ಕೂ ಹೆಚ್ಚು. ನಾನು ಹುರುಳಿಕಾಯಿ ನಾರು ಬಿಡಿಸುತ್ತಾ ಓದಿದೆ. ಓದುತ್ತಾ ಓದುತ್ತಾ, ಇದೇಕೆ ಹೀಗೆ, ಅದೇಕೆ ಹಾಗೆ ಎಂದು ಕೇಳತೊಡಗಿದೆ. ಅವರಿಗೆ ಉತ್ತರಿಸುವುದು ಇಷ್ಟವಿತ್ತೆಂದು ನನಗೆ ಮದುವೆಯಾದ ಇಷ್ಟು ವರ್ಷದ ಮೇಲೆ ತಿಳಿಯಿತು.

ಅವರ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ಲಾರಿಯ ಆರು ಸಿಲಿಂಡರಿನ ಡೀಸೆಲ್ ಇಂಜಿನ್. ಅದನ್ನು ಅವರು ಕಣ್ಣುಮುಚ್ಚಿ ಬಿಚ್ಚಬಲ್ಲರು, ಆದರೆ ಅದು ಭಾರ ಹೊತ್ತು ಘಾಟಿ ಏರಲು ಹುಟ್ಟಿದ್ದು, ಒಮ್ಮೆಲೇ ಚಿಮ್ಮು ಎಂದರೆ ಚಿಮ್ಮದು. ಎರಡನೆಯದು, ಆರು ಸಿಲಿಂಡರುಗಳನ್ನು ಮೂರು ಮೂರಾಗಿ ಎರಡು ಕಡೆಗೆ ವಾಲಿಸಿ ಕೂರಿಸಿದ ಇಂಜಿನ್. ಗಿಡ್ಡ, ಹಗುರ, ಕಾರಿನ ಮೂತಿಯಲ್ಲಿ ಸುಲಭವಾಗಿ ಕೂರುತ್ತದೆ. ಆದರೆ ಅದಕ್ಕೆ ಎರಡು ತಲೆ, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ, ಎರಡು ಗ್ಯಾಸ್ಕೆಟ್ಟು, ಎಲ್ಲವೂ ಎರಡೆರಡು. ಎರಡು ತಲೆ ಇರೋ ಮನೆ ನಡೆಸೋದು ಕಷ್ಟ ಎಂದು ಅವರು ಅತ್ತೆಯವರ ಕೋಣೆಯ ಕಡೆ ನೋಡಿ ಸಣ್ಣಗೆ ಹೇಳಿದ್ದು ನೆನಪಿದೆ. ಮೂರನೆಯದು ಆ ಪುಸ್ತಕದ ಕಾರಿನ ಪೆಟ್ರೋಲ್ ಇಂಜಿನ್, ಸಾಲಿನ ಆರು. ಉದ್ದ ಹೆಚ್ಚು, ತೂಕವೂ ಹೆಚ್ಚು, ಕಾರಿನ ಮುಂಭಾಗವನ್ನೇ ಕತ್ತರಿಸಿ ಕೂರಿಸಬೇಕು. ಆದರೂ ಅವರ ಮನಸ್ಸು ಅದರ ಕಡೆಗೇ ಇತ್ತು.

ಯಾಕೆ ಎಂದೆ. ಅವರು ಮೇಜಿನ ಮೇಲೆ ಆರು ಹುರುಳಿಕಾಯಿ ಸಾಲಾಗಿ ಇಟ್ಟರು. ಒಂದನೆಯದೂ ಆರನೆಯದೂ ಜೊತೆಯಲ್ಲಿ ಏಳುತ್ತವೆ, ಎರಡನೆಯದೂ ಐದನೆಯದೂ ಜೊತೆ, ಮೂರೂ ನಾಲ್ಕೂ ಜೊತೆ. ಒಂದು ಜೋಡಿ ಏಳುವಾಗ ಉಳಿದವು ಇಳಿಯುತ್ತಾ ಬರುತ್ತವೆ, ಹಾಗಾಗಿ ಒಂದರ ಅಲುಗಾಟವನ್ನು ಇನ್ನೊಂದು ತಿಂದುಹಾಕುತ್ತದೆ. ನಾಲ್ಕು ಸಿಲಿಂಡರಿನದು ಜೋರಾಗಿ ತಿರುಗಿದಾಗ ಒಳಗೊಳಗೇ ನಡುಗುತ್ತದೆ, ಇದು ನಡುಗುವುದಿಲ್ಲ. ನಡುಗದೆ ಉಳಿದ ಬಲವೆಲ್ಲ ಚಕ್ರಕ್ಕೆ ಹೋಗುತ್ತದೆ ಎಂದರು. ನನಗೆ ನಮ್ಮ ಕಾನ್ವೆಂಟಿನ ಅಂಗಳದ ಸೀ-ಸಾ ಹಲಗೆ ನೆನಪಾಯಿತು. ಇಬ್ಬರೂ ಸಮ ತೂಕದವರಾದರೆ ಹಲಗೆ ನೆಲಕ್ಕೆ ಬಡಿಯುತ್ತಲೇ ಇರಲಿಲ್ಲ, ನಾವು ಎಷ್ಟು ಹೊತ್ತು ಬೇಕಾದರೂ ಆಡಬಹುದಿತ್ತು. ಕಿಡಿ ಹತ್ತುವ ಸರದಿಯನ್ನು, ಒಂದು, ಐದು, ಮೂರು, ಆರು, ಎರಡು, ನಾಲ್ಕು ಎಂದು ಅವರು ಹೇಳಿದಾಗ ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡೆ. ಎದುರುಬದುರು ಕೂಡಿಸಿ ನೋಡಿದೆ. ಒಂದಕ್ಕೆ ಆರು, ಐದಕ್ಕೆ ಎರಡು, ಮೂರಕ್ಕೆ ನಾಲ್ಕು, ಎಲ್ಲಿ ಕೂಡಿಸಿದರೂ ಏಳು. ಇದನ್ನು ಕಂಡುಹಿಡಿದವಳು ನಾನೇ ಎಂಬಂತೆ ಅವರಿಗೆ ತೋರಿಸಿದೆ. ಇಪ್ಪತ್ತೆಂಟು ವರ್ಷದಿಂದ ಆ ಸರದಿಯನ್ನು ಬಾಯಿಪಾಠ ಮಾಡಿಕೊಂಡಿದ್ದವರು ಕೂಡಿಸಿ ನೋಡಿರಲಿಲ್ಲ.

ಇಂಜಿನ್ ಸಿಕ್ಕಿದ್ದು ಹಿರಿಯೂರಿನ ಹೊರಗಿನ ಒಂದು ಗುಜರಿಯಲ್ಲಿ. ನಾನೂ ಜೊತೆಗೆ ಹೋಗಿದ್ದೆ. ಬೇವಿನ ಮರದ ಕೆಳಗೆ ಎರಕದ ಕಬ್ಬಿಣದ ಅದರ ಒಡಲು, ಅಂದರೆ ಬ್ಲಾಕು, ಬಿದ್ದಿತ್ತು, ಅದಕ್ಕೆ ಒಂದು ಕುರಿಮರಿ ಕಟ್ಟಿದ್ದರು. ನಮ್ಮವರು ಮೊದಲು ಮರಿಯನ್ನು ಬಿಚ್ಚಿ ಮರಕ್ಕೆ ಕಟ್ಟಿದರು, ಆಮೇಲೆ ಸ್ಪ್ಯಾನರಿನಿಂದ ಬ್ಲಾಕನ್ನು ಮೆಲ್ಲಗೆ ತಟ್ಟಿ ಕಿವಿ ಕೊಟ್ಟರು. ಸೀಮೆಎಣ್ಣೆ ಬಳಿದು, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಕಾದರು. ಬಿರುಕಿದ್ದರೆ ಅದರೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಕೂದಲೆಳೆಯ ಹಾಗೆ ಮೂಡುತ್ತದಂತೆ. ನಾವಿಬ್ಬರೂ ಮಂಡಿಯೂರಿ ಬಿಳಿಯ ಪುಡಿಯನ್ನೇ ನೋಡಿದೆವು. ಎಲ್ಲೂ ಎಳೆ ಮೂಡಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ಪುಸ್ತಕದ ಅಳತೆಗಳನ್ನು ಗಟ್ಟಿಯಾಗಿ ಓದಿದೆ, ಅವರು ಅಳೆದು ಹೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದೆ. ಒಂದು ಅಂಕಿ ತಪ್ಪಿದರೂ ಮತ್ತೆ ಅಳೆಯುತ್ತಿದ್ದರು. ತಲೆಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ಟನ್ನು ತಾಮ್ರದಲ್ಲೇ ಮಾಡಿಸುವುದೆಂದು ಹಟ ಹಿಡಿದು, ಹೊಸದುರ್ಗದಲ್ಲಿ ಪಾತ್ರೆ ಕೆಲಸದ ಹಿರಿಯರೊಬ್ಬರ ಕೈಯಲ್ಲಿ ಹಾಳೆ ಕತ್ತರಿಸಿಸಿ ತಂದರು. ಗಾಳಿ ಒಳಗೆಳೆಯಲು, ಸಿಲಿಂಡರಿಗೆ ಒಂದರಂತೆ, ಅಗಲ ಬಾಯಿಯ ಆರು ಅಲ್ಯೂಮಿನಿಯಂ ತುತ್ತೂರಿಗಳನ್ನು ಲೇತಿನಲ್ಲಿ ಕಡೆದರು. ಸಾಲಾಗಿ ಬಾಯಿ ಮೇಲೆ ಮಾಡಿ ನಿಂತ ಅವುಗಳನ್ನು ನೋಡಿದರೆ ಗುಬ್ಬಿ ಮರಿಗಳ ನೆನಪಾಗುತ್ತಿತ್ತು. ಧೂಳು ಬೀಳಬಾರದೆಂದು ನಾನು ಉಪ್ಪಿನಕಾಯಿ ಜಾಡಿಗೆ ಹೊಲಿಯುವಂತೆ ಎಲಾಸ್ಟಿಕ್ ಹಾಕಿ ಆರು ಬಟ್ಟೆ ಟೋಪಿ ಹೊಲಿದೆ. ಪುಸ್ತಕದಲ್ಲೂ ಹಾಗೆಯೇ ಇತ್ತು, ತೆರೆದ ಬಾಯಿಗಳನ್ನು ಸದಾ ಮುಚ್ಚಿಡಿ ಎಂದು. ಓದಿದವಳು ನಾನೇ.

ಆ ಬೆಳಿಗ್ಗೆ ಎಂಟು ಗಂಟೆಗೆ ಪೂಜೆ. ನಮ್ಮ ಕಡೆ ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಪೂಜೆಯಾಗದೆ ಯಾರೂ ಸ್ಟಾರ್ಟರ್ ಮುಟ್ಟುವುದಿಲ್ಲ. ಅತ್ತೆಯವರು ಮಡಿಯುಟ್ಟು, ಅರಿಶಿನ ಕುಂಕುಮ, ಚೆಂಡುಹೂವು, ಊದಿನಕಡ್ಡಿ ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು ಬಂದರು. ಅಕ್ಷತೆ ಅವರೇ ಕಲಸಿದ್ದರು. ನಮ್ಮವರೂ, ಅವರ ಜೊತೆ ಮೊದಲಿನಿಂದ ಇರುವ ಮೇಸ್ತ್ರಿಯೂ ಕೈಕಟ್ಟಿ ನಿಂತಿದ್ದರು. ಮೇಸ್ತ್ರಿ ಮುಸಲ್ಮಾನರು, ಆದರೆ ನಮ್ಮ ಶೆಡ್ಡಿನ ಪೂಜೆಯಲ್ಲಿ ಕಾಯಿ ಒಡೆಯುವುದು ಯಾವಾಗಲೂ ಅವರೇ, ಯಾಕೆಂದರೆ ಅವರ ಪೆಟ್ಟಿಗೆ ಸಮನಾಗಿ ಎರಡು ಹೋಳಾಗುತ್ತದೆ. ಅತ್ತೆಯವರು ಕುಂಕುಮ ಹಚ್ಚಲು ಬಗ್ಗಿದವರು ಟೋಪಿಗಳನ್ನು ನೋಡಿ ನಿಂತುಬಿಟ್ಟರು.

“ಇದೇನೇ ಇದು, ಮುಖ ಮುಚ್ಚಿ ಕುಂದ್ರಿಸಿದ್ದಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನೆ? ತೆಗಿ ಅವನ್ನ.”

ಮದುಮಗಳ ಸೆರಗು ಸರಿಸಿದ ಹಾಗೆ ನಾನು ಒಂದೊಂದಾಗಿ ಆರೂ ಟೋಪಿ ತೆಗೆದೆ. ಆ ಕ್ಷಣ ನನಗೂ ಅದು ಸರಿಯೆನ್ನಿಸಿತ್ತು. ಅತ್ತೆಯವರು ಹಿಡಿ ತುಂಬ ಅಕ್ಷತೆ ತೆಗೆದುಕೊಂಡು, ಕಣ್ಣುಮುಚ್ಚಿ, ಮದುವೆಯಲ್ಲಿ ಹಾಕುವಂತೆ ಧಾರಾಳವಾಗಿ ಹಾಕಿದರು. ಕಾಯಿ ಒಡೆಯಿತು. ಒಳ್ಳೆಯ ಗಳಿಗೆ ಮೀರಬಾರದೆಂದು ನಮ್ಮವರು ಕೂಡಲೇ ಸ್ಟಾರ್ಟರ್ ಒತ್ತಿ, ಕಿಡಿ ಹತ್ತಿಸದೆ ಇಂಜಿನ್ನನ್ನು ಸುಮ್ಮನೆ ತಿರುಗಿಸಿದರು, ಆಯಿಲ್ಲು ಎಲ್ಲ ಸಂದಿಗೂ ಏರಲಿ ಎಂದು. ಕಿಡಿ ಹತ್ತಿಸುವ ಪ್ಲಗ್ಗುಗಳನ್ನು ಇನ್ನೂ ಹಾಕಿರಲಿಲ್ಲ. ಗಾಳಿ ಸಲೀಸಾಗಿ ಎಳೆಯಲಿ ಎಂದು ಮೇಸ್ತ್ರಿ ತುತ್ತೂರಿಗಳ ಕೆಳಗಿನ ಬಾಗಿಲುಗಳನ್ನು ಪೂರ್ತಿ ತೆರೆದು ಹಿಡಿದಿದ್ದರು. ಆಯಿಲ್ ಮೀಟರಿನ ಮುಳ್ಳು ಎದ್ದಿತು. ಎಲ್ಲರಿಗೂ ಸಮಾಧಾನವಾಯಿತು. ನಾನು ಟೋಪಿಗಳನ್ನು ಮತ್ತೆ ಹಾಕಿ, ಪ್ರಸಾದ ಹಂಚಿ ಒಳಗೆ ಹೋದೆ.

ಹನ್ನೊಂದರ ಸುಮಾರಿಗೆ ಮಧ್ಯಾಹ್ನದ ಅಡುಗೆಗೆ ಅಕ್ಕಿ ಆರಿಸಲು ಕೂತೆ. ಹೊಸ ಮೂಟೆ ಬಿಚ್ಚಿದ್ದೆವು, ಅದರಲ್ಲಿ ಕಲ್ಲು ಸ್ವಲ್ಪ ಜಾಸ್ತಿ. ಮೊರದಲ್ಲಿ ಅಕ್ಕಿ ಹರಡಿ ಬೆರಳಾಡಿಸುತ್ತಿದ್ದಂತೆ ಅಕ್ಕಿಯದೇ ಬಣ್ಣದ ಒಂದು ಬೆಣಚು ಕಲ್ಲು ಸಿಕ್ಕಿತು, ಜೋಳದ ಕಾಳಿಗಿಂತ ಸಣ್ಣದು. ಅದನ್ನು ಪಕ್ಕಕ್ಕೆ ಎಸೆದವಳ ಕೈ ಹಾಗೇ ನಿಂತಿತು. ಅತ್ತೆಯವರು ಬೆಳಿಗ್ಗೆ ಅಕ್ಷತೆಗೆ ಅಕ್ಕಿ ತೆಗೆದದ್ದು ಎಲ್ಲಿಂದ? ಡಬ್ಬಿಯಲ್ಲಿ ಆರಿಸಿದ ಅಕ್ಕಿ ಹಿಂದಿನ ರಾತ್ರಿಯೇ ಮುಗಿದಿತ್ತು.

ಶೆಡ್ಡಿಗೆ ಹೋದೆ. ನಮ್ಮವರೂ ಮೇಸ್ತ್ರಿಯೂ ಚಹಾ ಕುಡಿಯಲು ರಸ್ತೆಯಾಚೆ ಹೋಗಿದ್ದರು. ಮೂರನೆಯ ತುತ್ತೂರಿಯ ಟೋಪಿ ತೆಗೆದು ಮೊಬೈಲಿನ ಬೆಳಕು ಬಿಟ್ಟೆ. ಒಳಗೋಡೆಗೆ ಒಂದು ಹಳದಿ ಕಾಳು ಅಂಟಿತ್ತು. ಒಂದೇ ಒಂದು. ಉಳಿದವು ಎಲ್ಲಿ ಹೋದವು ಎಂದು ಯೋಚಿಸಲು ಇಂಜಿನ್ ಓದಿದವರೇ ಆಗಬೇಕಿಲ್ಲ.

ಹೇಳದೆ ಇರಬಹುದಿತ್ತು ಎಂದು ಆಮೇಲೆ ಯಾರೋ ಅಂದರು. ನನಗೆ ಅದು ಹೊಳೆಯಲಿಲ್ಲ. ಹೇಗೆ ಹೇಳುವುದೆಂದು ಮಾತ್ರ ಯೋಚಿಸಿದೆ. ಅವರು ಬಂದ ಮೇಲೆ, ಟೋಪಿ ತೆಗೆದವಳು ನಾನು ಎಂಬಲ್ಲಿಂದ ಶುರುಮಾಡಿ ಎಲ್ಲ ಹೇಳಿದೆ. ನಮ್ಮವರು ಬೈಯಲಿಲ್ಲ. ಕುತ್ತಿಗೆಯ ಟವೆಲು ತೆಗೆದು ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಮೇಸ್ತ್ರಿ ಮಾತ್ರ, ಅಕ್ಕಿ ತಾನೇ, ಕಿಡಿ ಹತ್ತಿದ ಕೂಡಲೇ ಹೊಗೆಯಾಗಿ ಹೋಗ್ತದೆ ಎಂದು ಧೈರ್ಯ ಹೇಳಿದರು. ಅಕ್ಕಿ ಹೋಗುತ್ತದೆ ಎಂದು ನಮ್ಮವರೂ ಒಪ್ಪಿದರು. ಕಲ್ಲು ಹೋಗುವುದಿಲ್ಲ. ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತರೆ, ಮೂರು ತಿಂಗಳು ಉಜ್ಜಿ ನಯ ಮಾಡಿದ ಸಿಲಿಂಡರನ್ನು ಮೂರು ನಿಮಿಷದಲ್ಲಿ ಗೀರಿಹಾಕುತ್ತದೆ.

ಅವರ ಹತ್ತಿರ ತಂತಿಯ ತುದಿಗೆ ಕ್ಯಾಮೆರಾ ಇರುವ ಒಂದು ಸಾಧನವಿದೆ. ಪ್ಲಗ್ಗಿನ ತೂತಿನಲ್ಲಿ ಇಳಿಸಿ ನೋಡಿದರು. ಎರಡನೆಯದರಲ್ಲಿ ಹಳದಿ, ಐದನೆಯದರಲ್ಲಿ ಹಳದಿ, ಉಳಿದವುಗಳಲ್ಲಿ ಆಯಿಲ್ಲಿನ ಹೊಳಪಿಗೆ ಏನೂ ಸ್ಪಷ್ಟವಿಲ್ಲ. ಕೆಲವು ಕಾಳು ತಿರುಗಿಸುವಾಗಲೇ ತೂತಿನಿಂದ ಹೊರಗೆ ಹಾರಿರಬಹುದು. ಒಟ್ಟು ಎಷ್ಟು ಬಿದ್ದಿರಬಹುದು, ಅದರಲ್ಲಿ ಕಲ್ಲು ಇರಬಹುದೇ? ಯಾರಿಗೆ ಗೊತ್ತು.

ಆಗ ನನಗೊಂದು ಯೋಚನೆ ಬಂತು. ಅಡುಗೆಮನೆಯಿಂದ ತುತ್ತೂರಿಯ ಬಾಯಿಯಷ್ಟೇ ಅಗಲದ ಆರು ಸ್ಟೀಲ್ ಬಟ್ಟಲು ತಂದು, ನೆಲದ ಮೇಲೆ ಪೇಪರು ಹಾಸಿ, ಅದೇ ಅಂತರದಲ್ಲಿ ಸಾಲಾಗಿ ಇಟ್ಟೆ. ಅತ್ತೆಯವರನ್ನು ಕರೆದು, ಬೆಳಿಗ್ಗೆ ಹಾಕಿದ ಹಾಗೆಯೇ ಇನ್ನೊಮ್ಮೆ ಅಕ್ಷತೆ ಹಾಕಬೇಕು ಎಂದೆ. ಅವರಿಗೆ ಏನಾಗಿದೆಯೆಂದು ಅಷ್ಟರಲ್ಲಿ ತಿಳಿದಿತ್ತು, ಮುಖ ಸಣ್ಣದಾಗಿತ್ತು.

“ದೇವ್ರ ಕೆಲ್ಸ ಪರೀಕ್ಷೆ ಮಾಡಾಕಲ್ಲ,” ಅಂದರು. ಆಮೇಲೆ ಮಗನ ಮುಖ ನೋಡಿ, “ತಾ ಇಲ್ಲಿ. ಅದೇ ಮೂಟೆದು ತಾ, ಆರಿಸ್ಬ್ಯಾಡ,” ಅಂದರು.

ಮತ್ತೆ ಅರಿಶಿನ ಕಲಸಿ, ಮತ್ತೆ ಕಣ್ಣುಮುಚ್ಚಿ, ಅಷ್ಟೇ ಧಾರಾಳವಾಗಿ ಹಾಕಿದರು. ನಾವು ಮೂವರು ನೆಲದ ಮೇಲೆ ಕೂತು ಬಟ್ಟಲುಗಳನ್ನು ಎಣಿಸಿದೆವು. ಮೂರು, ನಾಲ್ಕು, ಒಂದು, ಐದು, ಎರಡು, ಮೂರು. ಹದಿನೆಂಟು. ನಾಲ್ಕನೆಯ ಬಟ್ಟಲಿನ ಐದರಲ್ಲಿ ಒಂದನ್ನು ನಾನು ಉಗುರಿನಿಂದ ಒತ್ತಿದೆ. ಒಡೆಯಲಿಲ್ಲ. ಅರಿಶಿನ ಮೆತ್ತಿಕೊಂಡ ಕಲ್ಲು.

ಅತ್ತೆಯವರು ಎದ್ದು ಒಳಗೆ ಹೋದರು. ನಮ್ಮವರು ಆ ಕಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ಗೋಡೆಯ ಗಡಿಯಾರ ನೋಡಿದರು. ಹನ್ನೆರಡೂ ಕಾಲು. ತಲೆ ಬಿಚ್ಚಿ, ನೋಡಿ, ಮತ್ತೆ ಕೂರಿಸಲು ಆರೇಳು ಗಂಟೆ ಬೇಕು. ನಾಲ್ಕು ಗಂಟೆಗೆ ಬರುವವರಿಗೆ ಬಿಚ್ಚಿದ ಇಂಜಿನ್ ತೋರಿಸಬೇಕಾಗುತ್ತದೆ. ಮೇಸ್ತ್ರಿ ಮೆಲ್ಲಗೆ, ಅವರು ಬಂದಾಗ ಬರೀ ಎರಡು ನಿಮಿಷ ಓಡಿಸಿ ಸದ್ದು ಕೇಳಿಸೋಣ, ಹೂಂ ಅಂದ ಮೇಲೆ ನಾಳೆ ಬಿಚ್ಚಿದರಾಯಿತು ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಮ್ಮವರು ಫೋನ್ ತೆಗೆದು ಹಿರಿಯೂರಿಗೆ ಮಾಡಿ, ಬರ್ರಿ, ಆದ್ರೆ ನಾಲ್ಕಕ್ಕೆ ಸದ್ದು ಕೇಳಾಕೆ ಆಗಲ್ಲ, ಬಿಚ್ಚಿರ್ತೀನಿ ಎಂದಷ್ಟೇ ಹೇಳಿದರು. ಆ ಕಡೆಯವರು, ಬೆಂಗಳೂರಿನವನಿಗೆ ಇವತ್ತೇ ಹೇಳಬೇಕು ಎಂದು ನೆನಪಿಸಿದರಂತೆ. ಗೊತ್ತೈತೆ ಎಂದು ಇವರು ಫೋನಿಟ್ಟರು.

ಅಂದು ಊಟ ಶೆಡ್ಡಿಗೇ ಹೋಯಿತು. ಚಿತ್ರಾನ್ನ ಮಾಡಲು ಧೈರ್ಯ ಸಾಲದೆ ರೊಟ್ಟಿ ಪಲ್ಯ ಮಾಡಿದೆ. ನೀರು ಬಸಿದು, ಬೆಲ್ಟು ಬಿಚ್ಚಿ, ತುತ್ತೂರಿಗಳನ್ನು ಇಳಿಸಿ, ಎರಡೂ ಮುಕ್ಕಾಲಿಗೆ ತಲೆಯನ್ನು ಇಬ್ಬರೂ ಸೇರಿ ಎತ್ತಿ ಮೇಜಿನ ಮೇಲಿಟ್ಟರು. ನಾನು ಅಲ್ಲಿಯವರೆಗೆ ಮುಗಿದ ಇಂಜಿನ್ನಿನ ಒಳಗನ್ನು ನೋಡಿರಲಿಲ್ಲ. ಆರು ಗುಂಡನೆಯ ಬಾವಿಗಳು. ಗೋಡೆಗಳ ಮೇಲೆ ಚಾಪೆ ಹೆಣಿಗೆಯಂಥ ಸಣ್ಣ ಅಡ್ಡಗೆರೆಗಳು, ಆಯಿಲ್ಲು ನಿಲ್ಲಲೆಂದೇ ಬೇಕಂತ ಎಳೆದದ್ದಂತೆ. ಪಿಸ್ಟನ್ನುಗಳ ತಲೆಯ ಮೇಲೆ ಹಳದಿ ಅಕ್ಕಿ, ಕೆಲವು ನುಚ್ಚಾಗಿ, ಕೆಲವು ಇಡಿಯಾಗಿ. ನಮ್ಮವರು ಚಿಮುಟದಿಂದ ಒಂದೊಂದೇ ಎತ್ತಿ ಬಿಳಿ ತಟ್ಟೆಗೆ ಹಾಕಿದರು. ನಾನು ಅಕ್ಕಿ ಆರಿಸುವ ನನ್ನ ಬೆರಳಿನಿಂದ ಒಂದೊಂದನ್ನೂ ಒತ್ತಿ ನೋಡಿದೆ. ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಮಾಡಿ, ಸುತ್ತಲಿನ ಸಂದಿಗೆ ಗಾಳಿ ಊದಿ, ಬೆಳಕು ಬಿಟ್ಟು, ವಾಲ್ವುಗಳ ಹಿಂದೆಲ್ಲ ನೋಡಿದೆವು. ಹನ್ನೊಂದು ಅಕ್ಕಿ ಕಾಳು ಸಿಕ್ಕವು. ಕಲ್ಲು ಒಂದೂ ಇರಲಿಲ್ಲ. ಗೋಡೆಗಳ ಮೇಲೆ ಒಂದು ಗೀರೂ ಇರಲಿಲ್ಲ.

ನನಗೆ ಸಮಾಧಾನಕ್ಕಿಂತ ಮೊದಲು ನಾಚಿಕೆಯಾಯಿತು. ಎಲ್ಲ ನನ್ನ ಅನುಮಾನದಿಂದ ಆಗಿತ್ತು, ಅನುಮಾನ ಸುಳ್ಳಾಗಿತ್ತು, ನಾಲ್ಕು ಗಂಟೆಯಾಗಿತ್ತು.

ಹೊರಗೆ ಕಾರು ನಿಂತ ಸದ್ದು ಅದೇ ಹೊತ್ತಿಗೆ ಬಂತು. ಹಿರಿಯೂರಿನವರು ಗಡಿಬಿಡಿಯ ಮನುಷ್ಯ, ಕೂತಲ್ಲಿ ಕೂರುವವರಲ್ಲ. ಕುಂತ್ಕಳ್ರಿ ಎಂದು ನಮ್ಮವರು ಸ್ಟೂಲು ಎಳೆದರೂ ನಿಂತೇ ಬಿಚ್ಚಿದ ಇಂಜಿನ್ನನ್ನೂ, ತಟ್ಟೆಯ ಅಕ್ಕಿಯನ್ನೂ, ನಮ್ಮ ಮೂವರನ್ನೂ ನೋಡಿದರು. ನಡೆದದ್ದನ್ನು ನಮ್ಮವರು ನೇರವಾಗಿ ಹೇಳಿದರು, ಯಾರ ಹೆಸರನ್ನೂ ತರದೆ, ಪೂಜೆಯಲ್ಲಿ ಅಕ್ಕಿ ಬಿತ್ತು, ಅಕ್ಕಿಯಲ್ಲಿ ಕಲ್ಲಿರೋದುಂಟು ಎಂದಷ್ಟೇ. ಬಂದವರು ತಟ್ಟೆಯ ಕಾಳುಗಳನ್ನು ಬೆರಳಿನಿಂದ ಕದಡಿದರು.

“ಏನಪ್ಪ, ಕಲ್ಲೇ ಇಲ್ವಲ್ಲ. ಮತ್ಯಾಕೆ ಬಿಚ್ಚಿದೆ?”

“ಇಲ್ಲ ಅಂತ ಗೊತ್ತಾಗಾಕೆ,” ಅಂದರು ನಮ್ಮವರು.

ಹಿರಿಯೂರಿನವರು ಬಗ್ಗಿ ಮೊದಲನೆಯ ಸಿಲಿಂಡರಿನೊಳಗೆ ಬೆರಳು ಹಾಕಿ ಗೋಡೆ ಸವರಿದರು, ಆಮೇಲೆ ಎರಡನೆಯದು, ಹಾಗೇ ಆರನೆಯದರವರೆಗೆ. ಎದ್ದು ನಿಂತು, ಬೆಂಗಳೂರಿನವನಿಗೆ ಎಂಟು ಗಂಟೆಗೆ ಫೋನ್ ಮಾಡ್ತೀನಿ, ಅಲ್ಲಿವರೆಗೂ ಇಲ್ಲೇ ಇರ್ತೀನಿ ಎಂದರು. ಅಂಗಿಯ ತೋಳು ಮಡಚಿ, ಏನು ಹಿಡ್ಕೊಳ್ಳಲಿ ಹೇಳು ಎಂದರು.

ಆಮೇಲಿನ ಸುಮಾರು ಮೂರು ಗಂಟೆಯನ್ನು ನಾನು ಎಷ್ಟೋ ಸಲ ನೆನೆಸಿಕೊಳ್ಳುತ್ತೇನೆ. ತಗಡಿನ ಗ್ಯಾಸ್ಕೆಟ್ಟಾಗಿದ್ದರೆ ಬೆಂಗಳೂರಿನಿಂದ ಹೊಸದು ಬರುವವರೆಗೆ ಕಾಯಬೇಕಿತ್ತು, ಒಮ್ಮೆ ಅದುಮಿದ ತಗಡು ಮತ್ತೆ ಕೆಲಸಕ್ಕೆ ಬಾರದು. ನಮ್ಮದು ತಾಮ್ರ. ಮೇಸ್ತ್ರಿ ಅದನ್ನು ತಂತಿಯಲ್ಲಿ ತೂಗುಹಾಕಿ, ಗ್ಯಾಸಿನ ಉರಿಯನ್ನು ಅದರ ಮೇಲೆ ಮೆಲ್ಲಗೆ ಆಡಿಸಿದರು. ಕಂದು, ನೀಲಿ, ಆಮೇಲೆ ಮಬ್ಬು ಕೆಂಪು. ನೀರಿನ ತೊಟ್ಟಿಗೆ ಇಳಿಸಿದಾಗ ಚುಂಯ್ ಎಂದು ಕಪ್ಪು ಪೊರೆ ಕಳಚಿ ಬಿತ್ತು. ಕಬ್ಬಿಣವನ್ನು ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಮೆತ್ತಗಾಗಿ ಮತ್ತೆ ಅದುಮಲು ಬರುತ್ತದೆ ಎಂದು ಕೇಳಿ ನನಗೆ ಆಶ್ಚರ್ಯವಾಯಿತು. ಒಂದೇ ಉರಿ, ಒಂದೇ ನೀರು.

ತಲೆ ಕೂರಿಸಿದ ಮೇಲೆ ನಾನು ನೋಟುಬುಕ್ಕು ಹಿಡಿದು ನಿಂತೆ. ಹದಿನಾಲ್ಕು ಬೋಲ್ಟುಗಳು. ನಡುವಿನದರಿಂದ ಶುರುಮಾಡಿ, ಸುರುಳಿಯಾಗಿ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಬೇಕು, ಒಂದೇ ಸಲಕ್ಕೆ ಬಿಗಿದರೆ ತಲೆ ಡೊಂಕಾಗುತ್ತದೆ. ನಾನು ಸಂಖ್ಯೆ ಕೂಗಿದೆ, ಅವರು ಬಿಗಿದು ಹೂಂ ಎಂದರು, ನಾನು ಟಿಕ್ಕು ಹಾಕಿದೆ. ಹಿರಿಯೂರಿನವರು ದೀಪ ಹಿಡಿದಿದ್ದರು. ಎರಡನೆಯ ಸುತ್ತಿನ ನಡುವೆ ಅತ್ತೆಯವರು ಎಲ್ಲರಿಗೂ ಚಹಾ ತಂದು, ತಟ್ಟೆಯನ್ನು ಇಂಜಿನ್ನಿನಿಂದ ಮಾರು ದೂರದಲ್ಲಿಟ್ಟು ಬಾಗಿಲ ಹೊರಗೇ ನಿಂತರು. ನಮ್ಮವರು ತಲೆ ಎತ್ತದೆ, ಒಳಗೆ ಬಾರವ್ವ ಎಂದರು. ಅವರು ಬರಲಿಲ್ಲ, ಆದರೆ ಅಲ್ಲಿಂದ ಹೋಗಲೂ ಇಲ್ಲ.

ತುತ್ತೂರಿಗಳ ಬಾಯಿಗೆ ಈ ಸಲ ನಮ್ಮವರು ಸಣ್ಣ ಕಣ್ಣಿನ ಜಾಲರಿ ಕಟ್ಟಿದರು. ಏಳಕ್ಕೆ ಹತ್ತು ನಿಮಿಷವಿದ್ದಾಗ, ಇನ್ನೂ ಬೆಳಕಿರುವಾಗಲೇ, ಶೆಡ್ಡಿನ ಎರಡೂ ಬಾಗಿಲು ತೆರೆದು, ಹೊಗೆಯ ಕೊಳವೆಗೆ ಲಾರಿಯ ಸೈಲೆನ್ಸರ್ ಜೋಡಿಸಿ, ಸ್ವಿಚ್ಚು ಒತ್ತಿದರು. ಒಂದು ಸಲ ಕೊಸರಿತು. ಎರಡನೆಯ ಸಲ ಹಿಂದಕ್ಕೆ ಒದ್ದು ಡಬ್ ಎಂದಿತು. ನಮ್ಮವರು ಏನೋ ಒಂದನ್ನು ಕೂದಲೆಳೆಯಷ್ಟು ತಿರುಗಿಸಿದರು. ಮೂರನೆಯ ಸಲ ಹತ್ತಿಕೊಂಡಿತು.

ನಾನು ಗುಡುಗು ನಿರೀಕ್ಷಿಸಿದ್ದೆ. ಅದು ಹಾಗಿರಲಿಲ್ಲ. ಮೊದಲು ಸ್ವಲ್ಪ ಗೊರಗೊರ, ಆಮೇಲೆ ಬೇರೆ ಬೇರೆ ಹೊಡೆತಗಳು ಒಂದಕ್ಕೊಂದು ಕೂಡಿಕೊಂಡು ಉದ್ದನೆಯ ಒಂದೇ ದನಿಯಾಯಿತು. ನಮ್ಮವರು ವೇಗ ಹೆಚ್ಚಿಸಿದಾಗ ಆ ದನಿ ಒಡೆಯದೆ, ರವಿಕೆ ಬಟ್ಟೆ ಉದ್ದಕ್ಕೆ ಹರಿದ ಹಾಗೆ, ಮೇಲಕ್ಕೆ ಹೋಯಿತು. ನಾನು ಸ್ಟ್ಯಾಂಡಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಬೆಕ್ಕಿನ ಬೆನ್ನಿನಷ್ಟು ಮಾತ್ರ ಗುರುಗುಡುತ್ತಿತ್ತು. ಹಿರಿಯೂರಿನವರು ಕಣ್ಣುಮುಚ್ಚಿ ನಿಂತಿದ್ದರು. ಹತ್ತು ನಿಮಿಷದ ಮೇಲೆ ಆರಿಸಲು ಸನ್ನೆ ಮಾಡಿ, ಹೊರಗೆ ಹೋಗಿ ಫೋನ್ ಮಾಡಿದರು. ಬೇರೆಯವರಿಗೆ ಕೊಡ್ರಿ, ನಮ್ದು ಇಲ್ಲೇ ಆಯ್ತು ಎನ್ನುವುದು ನಮಗೆಲ್ಲ ಕೇಳಿಸಿತು. ನಮ್ಮವರು ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸತೊಡಗಿದರು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದರು. ಅತ್ತೆಯವರು ಆಗ ಒಳಗೆ ಬಂದು, ಇಂಜಿನ್ನಿನ ಪಕ್ಕ ನಿಂತು, ಮಗನ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿದರು.

ನಾನು ಚಹಾ ಲೋಟಗಳನ್ನು ಎತ್ತಿಕೊಂಡು ಹಿತ್ತಲಿಗೆ ಬಂದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ತಿಂಗಳುಗಟ್ಟಲೆ ನಮ್ಮ ಶೆಡ್ಡಿನ ಕುಟ್ಟುವ ಕೊರೆಯುವ ಸದ್ದನ್ನು ಸಹಿಸಿದವರು. ಶುರುವಾಯ್ತು ನೋಡಿ, ಕೇಳಿಸಿತಾ ಎಂದೆ. ಆಕೆ ಒಂದು ಲಂಗವನ್ನು ಝಾಡಿಸಿ ತೋಳಿಗೆ ಹಾಕಿಕೊಂಡರು.

“ಕೇಳಿಸ್ತು. ಲಾರಿ ಇಂಜಿನ್ನು ಶುರು ಮಾಡಿದ್ರೆ ನಮ್ಮನೆ ತಟ್ಟೆ ಸ್ಟ್ಯಾಂಡು ಕುಣೀತಿತ್ತು. ಇದಕ್ಕೆ ಒಂದು ಚಮಚನೂ ಅಲ್ಲಾಡ್ಲಿಲ್ಲ ನೋಡ್ರಿ. ಅದ್ರಾಗೆ ಶಕ್ತಿ ಗಿಕ್ತಿ ಐತೇನ್ರಿ?”